ಆಟಕ್ಕುಂಟು, ಲೆಕ್ಕಕ್ಕಿಲ್ಲ: ಏಷ್ಯಾ ಮಹಿಳಾ ಫುಟ್‌ಬಾಲ್ ಕೂಟದಲ್ಲಿ ಆಡಿದ ನಮ್ಮವರ ಬಗ್ಗೆ ಬಹಿರಂಗ ಪತ್ರ

ಅಧ್ಯಕ್ಷರು ಮತ್ತು ಪದಾಧಿಕಾರಿಗಳು, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್)
ಅಧ್ಯಕ್ಷರು ಮತ್ತು ಪದಾಧಿಕಾರಿಗಳು, ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಬೆಂಗಳೂರು
ಇವರಿಗೆ,

ಮಾನ್ಯರೇ,

2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತದ ಮಹಿಳಾ ತಂಡ ಆತಿಥೇಯರನ್ನು 2–1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಅದೇ ಗುಂಪಿನಲ್ಲಿ ಅದಕ್ಕೂ ಮೊದಲು ಮಂಗೋಲಿಯಾ ಎದುರು 13–0, ಟಿಮೋರ್ ಲೆಸ್ಟೆ ಎದುರು 4–0, ಇರಾಕ್ ಎದುರು 5–0. ಅರ್ಹತಾ ಸುತ್ತು ಆಡಿ ಏಷ್ಯನ್ ಕಪ್‌ಗೆ ಜಾಗ ಗಿಟ್ಟಿಸಿದ್ದು ಭಾರತಕ್ಕೆ ಅದೇ ಮೊದಲು. ಆ ನಾಲ್ಕು ಪಂದ್ಯಗಳಲ್ಲಿ ಯಾವ ಗೋಲು ಎಷ್ಟನೇ ನಿಮಿಷಕ್ಕೆ ಬಿತ್ತು, ಯಾರ ಬದಲಿಗೆ ಯಾರು ಇಳಿದರು, ಯಾರಿಗೆ ಹಳದಿ ಕಾರ್ಡು ಸಿಕ್ಕಿತು ಎಂಬುದನ್ನು ಫೋನಿನಲ್ಲಿ ಅರೆ ನಿಮಿಷದಲ್ಲಿ ನೋಡಿಕೊಳ್ಳಬಹುದು.

ಆ ವಾರ ಬಂದ ವರದಿಗಳಲ್ಲಿ ಇನ್ನೊಂದು ಸಾಲು ಮತ್ತೆ ಮತ್ತೆ ಕಾಣುತ್ತಿತ್ತು: ಭಾರತ ಈ ಕೂಟದಲ್ಲಿ ಎರಡು ಬಾರಿ ರನ್ನರ್ಸ್ ಅಪ್. ಒಮ್ಮೆ ಕೇರಳದ ಕೋಯಿಕ್ಕೋಡ್‌ನಲ್ಲಿ, ಇನ್ನೊಮ್ಮೆ 1983ರಲ್ಲಿ ಥಾಯ್ಲೆಂಡಿನಲ್ಲಿ. ಸರಿ, ಆ ಎರಡು ಫೈನಲ್‌ಗಳಲ್ಲಿ ಭಾರತದ ಪರ ಕಣಕ್ಕಿಳಿದ ಹನ್ನೊಂದು ಮಂದಿ ಯಾರು? ನಾಯಕಿ ಯಾರು, ಗೋಲು ಕಾಯ್ದವರು ಯಾರು, ಬದಲಿಯಾಗಿ ಬಂದವರು ಯಾರು? ನೀವು ಪ್ರಕಟಿಸಿದ, ಆಧಾರ ಸಮೇತವಾದ ಪೂರ್ಣ ಪಟ್ಟಿ ನಮ್ಮ ಕಣ್ಣಿಗೆ ಬಿದ್ದಿಲ್ಲ. ಅಂಥದೊಂದು ಪಟ್ಟಿ ಮಾಡಿ, ಅದರಲ್ಲಿರುವವರಿಗೆ ಕ್ಯಾಪ್, ಅಂದರೆ ದೇಶದ ಪರ ಪಂದ್ಯ ಆಡಿದ್ದಕ್ಕೆ ಅಧಿಕೃತ ಮಾನ್ಯತೆ, ಕೊಡಿ ಎಂದು ಕೇಳಲು ಈ ಪತ್ರ. ಕೆಲಸ ಹೇಗೆ ಮಾಡಬೇಕು, ಎಲ್ಲಿ ಎಡವುತ್ತದೆ ಎಂಬುದನ್ನೂ ಜತೆಗೇ ಬರೆದಿದ್ದೇವೆ.

ಮೊದಲು ಈ ಕೂಟದ ಹುಟ್ಟಿನ ಮಾತು. ಅದು ಗೊತ್ತಿಲ್ಲದೆ ಪಟ್ಟಿ ಮಾಡಹೊರಟರೆ ಆರಂಭದಲ್ಲೇ ದಾರಿ ತಪ್ಪುತ್ತದೆ.

ಏಷ್ಯಾ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ಲೆಕ್ಕದಲ್ಲಿ 2022ರ ಏಷ್ಯನ್ ಕಪ್ 20ನೆಯದು. ಆದರೆ ಮೊದಲ ಐದು ಕೂಟಗಳನ್ನು ಎಎಫ್‌ಸಿ ನಡೆಸಲೇ ಇಲ್ಲ. 1968ರಲ್ಲಿ ಹಾಂಗ್‌ಕಾಂಗ್, ತೈವಾನ್, ಮಲೇಷ್ಯಾ, ಸಿಂಗಪುರಗಳು ಸೇರಿ ಏಷ್ಯನ್ ಲೇಡೀಸ್ ಫುಟ್‌ಬಾಲ್ ಕಾನ್ಫೆಡರೇಷನ್ ಎಂಬ ಬೇರೆಯೇ ಸಂಸ್ಥೆ ಕಟ್ಟಿಕೊಂಡಿದ್ದವು. ಗಂಡಸರ ಸಂಸ್ಥೆಗಳಿಗೆ ಆಗ ಹೆಂಗಸರ ಆಟದ ಗೊಡವೆಯೇ ಬೇಕಿರಲಿಲ್ಲ. 1975ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೊದಲ ಕೂಟ ನಡೆಯಿತು. ಆರು ತಂಡ, ಫೈನಲ್‌ನಲ್ಲಿ ನ್ಯೂಜಿಲೆಂಡ್ 3–1ರಿಂದ ಥಾಯ್ಲೆಂಡನ್ನು ಸೋಲಿಸಿತು. ಏಷ್ಯಾದ ಮೊದಲ ಚಾಂಪಿಯನ್ ನ್ಯೂಜಿಲೆಂಡ್ ಎಂದರೆ ಇಂದಿನವರಿಗೆ ನಗು ಬರಬಹುದು, ಆದರೆ ಕರೆಗೆ ಓಗೊಟ್ಟು ಬಂದವರನ್ನೆಲ್ಲ ಆಡಿಸಿದ ಕಾಲ ಅದು.

ತೈವಾನ್ ಕಥೆ ಇನ್ನೂ ಸೂಕ್ಷ್ಮ. 1974ರಲ್ಲಿ ಎಎಫ್‌ಸಿ ಚೀನಾವನ್ನು ಒಳಗೆ ತಂದು ತೈವಾನನ್ನು ಹೊರಗೆ ಹಾಕಿತು. ಮಹಿಳೆಯರ ಸಂಸ್ಥೆ ಬೇರೆಯಾಗಿದ್ದುದರಿಂದ ಅಲ್ಲಿ ತೈವಾನ್ ಆಡುತ್ತಲೇ ಇತ್ತು, ಚೀನಾ ಮಾತ್ರ 1986ರವರೆಗೆ ಅತ್ತ ಸುಳಿಯಲಿಲ್ಲ. 1977ರಲ್ಲಿ ತನ್ನ ನೆಲದಲ್ಲೇ ಥಾಯ್ಲೆಂಡನ್ನು 3–1ರಿಂದ ಸೋಲಿಸಿ ತೈವಾನ್ ಮೊದಲ ಪ್ರಶಸ್ತಿ ಪಡೆಯಿತು. ಮುಂದಿನದು ಕೋಯಿಕ್ಕೋಡ್: ಫೈನಲ್‌ನಲ್ಲಿ ತೈವಾನ್ 2–0, ಎದುರಾಳಿ ಭಾರತ. 1981ರಲ್ಲಿ ಮತ್ತೆ ಹಾಂಗ್‌ಕಾಂಗ್, ತೈವಾನ್ 5–0ಯಿಂದ ಥಾಯ್ಲೆಂಡನ್ನು ಮಣಿಸಿತು. ಮೂರನೇ ಸ್ಥಾನದ ಪಂದ್ಯದಲ್ಲಿ ಭಾರತ ಹಾಂಗ್‌ಕಾಂಗನ್ನು 2–0ಯಿಂದ ಗೆದ್ದಿತು. ನಮ್ಮ ಪತ್ರಿಕಾ ಟಿಪ್ಪಣಿಗಳಿಗೆ ಈ ಮೂರನೇ ಸ್ಥಾನ ಎಷ್ಟೋ ಸಲ ಮರೆತೇ ಹೋಗಿರುತ್ತದೆ. 1983ರಲ್ಲಿ ಥಾಯ್ಲೆಂಡ್ ತನ್ನ ನೆಲದಲ್ಲಿ 3–0ಯಿಂದ ಭಾರತವನ್ನು ಸೋಲಿಸಿ ಚಾಂಪಿಯನ್ ಆಯಿತು. ಅಂದರೆ ಸತತ ಮೂರು ಕೂಟಗಳಲ್ಲಿ ಭಾರತ ಮೊದಲ ಮೂರರೊಳಗೆ. ಅದಾದ ಮೇಲೆ ಒಮ್ಮೆಯೂ ಫೈನಲ್ ಮುಟ್ಟಿಲ್ಲ.

ಇದನ್ನು ಉಬ್ಬಿಸಿ ಹೇಳಬೇಕಾದ್ದಿಲ್ಲ. ಆ ಕೂಟಗಳಲ್ಲಿ ಚೀನಾ ಇರಲಿಲ್ಲ, ಉತ್ತರ ಕೊರಿಯಾ ಇರಲಿಲ್ಲ, ಜಪಾನ್ ಆಗಿನ್ನೂ ಅಂಬೆಗಾಲಿಡುತ್ತಿತ್ತು. ‘ಏಷ್ಯಾದಲ್ಲಿ ಎರಡನೆಯವರಾಗಿದ್ದೆವು, ಆಮೇಲೆ ಹಾಳಾದೆವು’ ಎಂಬ ಗೋಳು ಅರ್ಧ ಮಾತ್ರ ನಿಜ. ಇನ್ನರ್ಧ ಏನೆಂದರೆ, 1986ರಲ್ಲಿ ಮಹಿಳಾ ಸಂಸ್ಥೆ ಎಎಫ್‌ಸಿಯೊಳಗೆ ಸೇರಿತು, ಅದೇ ವರ್ಷ ಚೀನಾ ಕಣಕ್ಕಿಳಿದು ಜಪಾನನ್ನು 2–0ಯಿಂದ ಸೋಲಿಸಿತು, ಅಲ್ಲಿಂದ 1999ರವರೆಗೆ ಸತತ ಏಳು ಪ್ರಶಸ್ತಿಗಳನ್ನು ಬಾಚಿಕೊಂಡಿತು. 1991ರಿಂದ ಈ ಕೂಟವೇ ವಿಶ್ವಕಪ್‌ಗೆ ಅರ್ಹತಾ ಮೆಟ್ಟಿಲೂ ಆಯಿತು. ಮೆಟ್ಟಿಲಾದ ಮೇಲೆ ದೇಶಗಳು ದುಡ್ಡು ಸುರಿದವು, ಶಿಬಿರ ಹಾಕಿದವು, ಲೀಗ್ ಕಟ್ಟಿದವು. ನಾವು 2009ರಲ್ಲಿ ಹದಿನೆಂಟು ತಿಂಗಳಿಗೂ ಹೆಚ್ಚು ಕಾಲ ಪಂದ್ಯವನ್ನೇ ಆಡದೆ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದ ಹೊರಬಿದ್ದೆವು. ಆದ್ದರಿಂದ ಆಗಿನ ಎರಡನೇ ಸ್ಥಾನವನ್ನು ಇದ್ದ ಹಾಗೇ ಹೇಳಿದರೆ ಸಾಕು. ಅದಕ್ಕೂ ಯಾರು ಆಡಿದರು ಎಂದು ಮೊದಲು ಗೊತ್ತಿರಬೇಕು.

ಎಎಫ್‌ಸಿ ತಾನು ನಡೆಸದ ಐದು ಕೂಟಗಳನ್ನೂ ತನ್ನ ಎಣಿಕೆಗೆ ಸೇರಿಸಿಕೊಂಡಿರುವುದು ನಿಮಗೆ ಮೇಲ್ಪಂಕ್ತಿ. ಕೂಟ ಅಧಿಕೃತವಾದರೆ ಅದರಲ್ಲಿ ಆಡಿದವರೂ ಅಧಿಕೃತರೇ. 1975ರಲ್ಲಿ ಲಖನೌನಲ್ಲಿ ಹುಟ್ಟಿದ ಭಾರತೀಯ ಮಹಿಳಾ ಫುಟ್‌ಬಾಲ್ ಫೆಡರೇಷನ್ ಈ ತಂಡಗಳನ್ನು ಕಳಿಸುತ್ತಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಆ ಜವಾಬ್ದಾರಿ ಎಐಎಫ್‌ಎಫ್‌ಗೆ ಬಂತು. ‘ಆಗಿನ ತಂಡ ನಮ್ಮದಲ್ಲ’ ಎಂದು ಯಾರಾದರೂ ಹೇಳುವುದಾದರೆ ಪತ್ರಿಕಾ ಟಿಪ್ಪಣಿಯಿಂದ ರನ್ನರ್ಸ್ ಅಪ್ ಎಂಬುದನ್ನೂ ತೆಗೆಯಬೇಕಾಗುತ್ತದೆ. ಪದಕ ನಮ್ಮದು, ಆಡಿದವರು ಮಾತ್ರ ಬೇರೆಯವರು ಎಂದರೆ ಹೇಗೆ?

ಬೇರೆ ದೇಶಗಳು ಇದೇ ಗಂಟನ್ನು ಮೂರು ಬಗೆಯಲ್ಲಿ ಬಿಡಿಸಿವೆ. ನ್ಯೂಜಿಲೆಂಡ್ 1975ರ ಹಾಂಗ್‌ಕಾಂಗ್ ಪಂದ್ಯಗಳನ್ನೇ ತನ್ನ ಮಹಿಳಾ ತಂಡದ ಆರಂಭ ಎಂದು ಎಣಿಸುತ್ತದೆ. ಆಸ್ಟ್ರೇಲಿಯಾ ಅದೇ ಕೂಟದಲ್ಲಿ ಮೂರನೇ ಸ್ಥಾನ ಪಡೆದಿದ್ದರೂ, 1979ರಲ್ಲಿ ಸಿಡ್ನಿಯಲ್ಲಿ ನ್ಯೂಜಿಲೆಂಡ್ ಎದುರು ಆಡಿದ್ದನ್ನೇ ಮೊದಲ ಅಧಿಕೃತ ಪಂದ್ಯ ಎಂದಿತು. 1975ರಲ್ಲಿ ಆಡಿದವರು ದಶಕಗಟ್ಟಲೆ ಕ್ಯಾಪ್ ಇಲ್ಲದೆ ಉಳಿದರು. ಜಪಾನ್ 1977ರಲ್ಲಿ ಕಳಿಸಿದ್ದು ಎಫ್‌ಸಿ ಜಿನ್ನಾನ್ ಎಂಬ ಕ್ಲಬ್ ತಂಡವನ್ನು. ಅದನ್ನು ರಾಷ್ಟ್ರೀಯ ತಂಡ ಎನ್ನದೆ, 1981ರ ಜೂನ್ 7ರಂದು ಹಾಂಗ್‌ಕಾಂಗ್‌ನಲ್ಲಿ ತೈವಾನ್ ಎದುರು 0–1ರಿಂದ ಸೋತ ಪಂದ್ಯದಿಂದ ಲೆಕ್ಕ ಶುರು ಮಾಡಿತು. ಇವುಗಳಲ್ಲಿ ನಮಗೆ ಹಿಡಿಸುವುದು ಜಪಾನಿನ ಬಗೆ. ಅವರು ಗೆರೆ ಎಳೆದ ಜಾಗವೇ ಸರಿ ಎಂದಲ್ಲ, ಗೆರೆ ಯಾಕೆ ಅಲ್ಲಿದೆ ಎಂದು ಕೇಳಿದರೆ ಕಾರಣ ಹೇಳಬಲ್ಲರು.

ಈಗ ನಮ್ಮ ಗಂಟು. ಕೋಯಿಕ್ಕೋಡ್ ಕೂಟ ಒಂದರಲ್ಲೇ ನಾಲ್ಕು ತೊಡಕುಗಳಿವೆ.

ಮೊದಲನೆಯದು ವರ್ಷ. ಕೆಲವು ಪಟ್ಟಿಗಳಲ್ಲಿ ಅದು 1979ರ ಕೂಟ, ಬೇರೆ ಪಟ್ಟಿಗಳಲ್ಲಿ ಆಟ ನಡೆದದ್ದು 1980ರ ಜನವರಿಯಲ್ಲಿ. ಇದರಿಂದಾಗಿ ಒಂದೇ ಕೂಟ ಎರಡು ಕೂಟವಾಗಿ ಒಬ್ಬ ಆಟಗಾರ್ತಿಯ ಪರಿಚಯದಲ್ಲಿ ‘1979 ಮತ್ತು 1980’ ಎಂದು ಸೇರಿಕೊಂಡುಬಿಡುವ ಅಪಾಯವಿದೆ. ‘ಕೂಟದ ಹೆಸರು’ ಮತ್ತು ‘ಪಂದ್ಯ ನಡೆದ ದಿನ’ ಎರಡಕ್ಕೂ ಬೇರೆ ಬೇರೆ ಖಾನೆ ಇಟ್ಟರೆ ಇದು ಮುಗಿಯುತ್ತದೆ. ಎರಡನೆಯದು, ಆತಿಥೇಯ ಭಾರತ ಎರಡು ತಂಡ ಇಳಿಸಿತ್ತು. ವಿದೇಶಿ ಪಟ್ಟಿಗಳಲ್ಲಿ ‘ಭಾರತ ಎಸ್’, ‘ಭಾರತ ಎನ್’ ಎಂದಿರುತ್ತದೆ. ಫೈನಲ್ ಆಡಿದ್ದು ‘ಎಸ್’. ಒಂದು ದಕ್ಷಿಣ, ಇನ್ನೊಂದು ಉತ್ತರ ಎಂದು ಊಹಿಸುವುದು ಸುಲಭ, ಆದರೆ ಯಾವ ರಾಜ್ಯದವರು ಯಾವ ತಂಡದಲ್ಲಿದ್ದರು ಎಂಬುದು ಊಹೆಯಿಂದ ತುಂಬುವ ಖಾನೆಯಲ್ಲ. ಮೂರನೆಯದು, ಆಸ್ಟ್ರೇಲಿಯಾದ ಹೆಸರಿನಲ್ಲಿ ಬಂದದ್ದು ಪಶ್ಚಿಮ ಆಸ್ಟ್ರೇಲಿಯಾದ ತಂಡ. ಅದು ರಾಷ್ಟ್ರೀಯ ತಂಡವಲ್ಲ. ನಾಲ್ಕನೆಯದು ತೈವಾನ್: ಆಗಿನ ಪತ್ರಿಕೆಗಳಲ್ಲಿ ‘ರಿಪಬ್ಲಿಕ್ ಆಫ್ ಚೈನಾ’, ಆಮೇಲಿನ ಪಟ್ಟಿಗಳಲ್ಲಿ ‘ಚೈನೀಸ್ ತೈಪೆ’. ಅವಸರದ ಬೆರಳಚ್ಚಿನಲ್ಲಿ ಬರೀ ‘ಚೀನಾ’ ಎಂದಾದರೆ ಕಥೆ ಕೆಟ್ಟಿತು. ಅಂದು ಬಳಸಿದ ಹೆಸರು ಒಂದು ಖಾನೆಯಲ್ಲಿ, ಇಂದಿನ ಹೆಸರು ಇನ್ನೊಂದರಲ್ಲಿ ಇರಲಿ.

ನಮ್ಮ ಸಲಹೆ, ಪಂದ್ಯಗಳನ್ನು ಮೂರು ದರ್ಜೆ ಮಾಡಿ. ರಾಷ್ಟ್ರೀಯ ತಂಡ ರಾಷ್ಟ್ರೀಯ ತಂಡದೊಂದಿಗೆ ಆಡಿದ್ದು ‘ಎ’. ಒಂದು ಕಡೆ ಕ್ಲಬ್ಬೋ ರಾಜ್ಯ ತಂಡವೋ ಇದ್ದದ್ದು, ಅಥವಾ ಭಾರತದ ಎರಡು ತಂಡಗಳಲ್ಲೊಂದು ಆಡಿದ್ದು ‘ಬಿ’. ಫಲಿತಾಂಶ ರದ್ದಾದದ್ದು ‘ಸಿ’. ಯಾವುದನ್ನೂ ಅಳಿಸುವುದು ಬೇಡ. ಕೋಯಿಕ್ಕೋಡ್‌ನ ಎರಡೂ ತಂಡದವರಿಗೆ ಕ್ಯಾಪ್ ಸಿಗಬೇಕು ಎಂಬುದು ನಮ್ಮ ಅಭಿಪ್ರಾಯ. ಇಬ್ಬರನ್ನೂ ಭಾರತ ಎಂದೇ ಕಣಕ್ಕಿಳಿಸಿದ್ದು ನಾವೇ ತಾನೆ? ಆ ಎರಡು ತಂಡ ಪರಸ್ಪರ ಎದುರಾಗಿದ್ದರೆ ಆ ಒಂದು ಪಂದ್ಯವನ್ನು ಮಾತ್ರ ಕ್ಯಾಪ್ ಲೆಕ್ಕದಿಂದ ಬಿಡಿ.

‘ಸಿ’ ದರ್ಜೆ ಹಳೆಯ ಕಾಲಕ್ಕಷ್ಟೇ ಬೇಕಾದದ್ದು ಎಂದುಕೊಳ್ಳಬೇಡಿ. 2022ರ ಜನವರಿ 20ರಂದು ನವಿ ಮುಂಬೈಯ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಭಾರತ ಇರಾನ್ ಎದುರು 0–0 ಡ್ರಾ ಮಾಡಿಕೊಂಡಿತು. ಮೂರು ದಿನದ ಮೇಲೆ ತೈವಾನ್ ಎದುರು ಆಡಬೇಕಿತ್ತು. ಕೋವಿಡ್ ಹರಡಿ, ನಿಯಮ ಬೇಡುವ ಕನಿಷ್ಠ 13 ಆಟಗಾರ್ತಿಯರನ್ನು ಒದಗಿಸಲಾಗದೆ ತಂಡ ಕೂಟದಿಂದ ಹೊರಬಿತ್ತು, ಇರಾನ್ ಪಂದ್ಯವೂ ರದ್ದೆಂದು ಘೋಷಣೆಯಾಯಿತು. ಕೂಟದ ಅಂಕಪಟ್ಟಿಯಲ್ಲಿ ಭಾರತ ಆಡಿಯೇ ಇಲ್ಲ. ತೊಂಬತ್ತು ನಿಮಿಷ ಓಡಿದವರ ಲೆಕ್ಕ ಏನು? ಅಂಕಕ್ಕೆ ಬಾರದಿದ್ದರೂ ಆಟಗಾರ್ತಿಯ ದಾಖಲೆಯಲ್ಲಿ ‘ಆಡಿದರು, ಫಲಿತಾಂಶ ರದ್ದು’ ಎಂದು ಇರಲೇಬೇಕು. ಇದನ್ನು ಈಗಲೇ ಬರೆದಿಡದಿದ್ದರೆ ಇನ್ನು ನಲವತ್ತು ವರ್ಷಕ್ಕೆ ಇದೂ ಇನ್ನೊಂದು ಕೋಯಿಕ್ಕೋಡ್ ಆಗುತ್ತದೆ.

ಆಧಾರ ಎಲ್ಲಿ ಸಿಗುತ್ತದೆ? ಕೋಯಿಕ್ಕೋಡ್‌ಗೆ ಮೊದಲು ನೋಡಬೇಕಾದ್ದು ಮಲಯಾಳಂ ಪತ್ರಿಕೆಗಳನ್ನು, ಅದರಲ್ಲೂ ಆ ಊರಿನಲ್ಲೇ ಹುಟ್ಟಿದ ಮಾತೃಭೂಮಿಯನ್ನು. ದೆಹಲಿಯ ಇಂಗ್ಲಿಷ್ ಪತ್ರಿಕೆ ನಾಲ್ಕು ಸಾಲು ಬರೆದು ಮುಗಿಸಿದ ಪಂದ್ಯಕ್ಕೆ ಊರಿನ ಪತ್ರಿಕೆ ಅರ್ಧ ಪುಟ ಕೊಟ್ಟಿರುವುದು ಸಾಮಾನ್ಯ. ಹಾಂಗ್‌ಕಾಂಗ್‌ನ ಕೂಟಗಳಿಗೆ ಅಲ್ಲಿನ ಸಾರ್ವಜನಿಕ ಗ್ರಂಥಾಲಯ ಡಿಜಿಟಲ್ ಮಾಡಿಟ್ಟಿರುವ ಹಳೆಯ ಚೀನೀ ಪತ್ರಿಕೆಗಳಿವೆ. ಸಿಂಗಪುರದ ರಾಷ್ಟ್ರೀಯ ಗ್ರಂಥಾಲಯದ ನ್ಯೂಸ್‌ಪೇಪರ್‌ಎಸ್‌ಜಿ, ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ ತಾಣಗಳಲ್ಲಿ ಮನೆಯಲ್ಲಿ ಕುಳಿತೇ ಹುಡುಕಬಹುದು. ಕರ್ನಾಟಕದ ಆಟಗಾರ್ತಿಯರಿಗೆ ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್, ಕನ್ನಡಪ್ರಭ, ಸಂಯುಕ್ತ ಕರ್ನಾಟಕಗಳ ಹಳೆಯ ಸಂಪುಟಗಳು.

ಇಲ್ಲಿ ತಪ್ಪುಗಳು ನುಸುಳುವ ಜಾಗಗಳು ಗೊತ್ತಿದ್ದರೆ ಅರ್ಧ ಕೆಲಸ ಉಳಿಯುತ್ತದೆ. ತೈವಾನಿನ ಪತ್ರಿಕೆಯಲ್ಲಿ ಅವರದೇ ಗಣರಾಜ್ಯದ ವರ್ಷವಿರುತ್ತದೆ: 66 ಎಂದಿದ್ದರೆ 1911 ಕೂಡಿಸಿ, 1977. ಥಾಯ್ ದಾಖಲೆಯಲ್ಲಿ ಬೌದ್ಧ ಶಕೆ: 2526ರಿಂದ 543 ಕಳೆಯಿರಿ, 1983. ವರದಿಯಲ್ಲಿ ‘ನಿನ್ನೆ’ ಎಂದಿದ್ದರೆ ಪತ್ರಿಕೆಯ ದಿನಾಂಕದಿಂದ ಒಂದು ಕಳೆಯುವುದು ಸಾಲದು. ವರದಿಯ ತಲೆಯಲ್ಲಿ ಊರಿನ ಹೆಸರಿನ ಜತೆ ದಿನಾಂಕವಿದ್ದರೆ ಅದನ್ನು ನೋಡಬೇಕು, ಏಕೆಂದರೆ ತಂತಿ ತಡವಾಗಿ ಬಂದು ಸುದ್ದಿ ಎರಡನೇ ದಿನ ಅಚ್ಚಾದದ್ದು ಎಷ್ಟೋ ಇದೆ. ಚೀನೀ ಪತ್ರಿಕೆಯಲ್ಲಿ ನಮ್ಮವರ ಹೆಸರು ಗುರುತೇ ಸಿಗದಂತೆ ಬದಲಾಗಿರುತ್ತದೆ. ಅಲ್ಲಿ ಹೆಸರು ಬಿಟ್ಟು ಜೆರ್ಸಿ ನಂಬರು ಬರೆದುಕೊಳ್ಳಿ, ತಂಡದ ಪಟ್ಟಿ ಸಿಕ್ಕ ದಿನ ಅದೇ ಕೀಲಿಕೈ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಸಾಲಿಗೂ ಎರಡು ಸ್ವತಂತ್ರ ಆಧಾರ ಬೇಕು, ಮತ್ತು ಪಿಟಿಐ ಅಥವಾ ಯುಎನ್‌ಐ ಸುದ್ದಿಸಂಸ್ಥೆ ಕಳಿಸಿದ ಒಂದೇ ವರದಿಯನ್ನು ಐದು ಪತ್ರಿಕೆ ಅಚ್ಚು ಹಾಕಿದ್ದರೆ ಅದು ಐದು ಆಧಾರವಲ್ಲ, ಒಂದೇ. ವರದಿಗಾರ ಗೋಲು ಹೊಡೆದವರ ಹೆಸರು ತಪ್ಪಿಸಿದ್ದರೆ ಐದರಲ್ಲೂ ಅದೇ ತಪ್ಪು ಇರುತ್ತದೆ.

ಹೆಸರುಗಳದ್ದು ದೊಡ್ಡ ತಲೆನೋವು. ನಮ್ಮ ಕಡೆಯವರಿಗೆ ಹೆಸರಿನ ಮುಂದೆ ಒಂದಕ್ಷರದ ಇನಿಷಿಯಲ್, ಮದುವೆಯಾದ ಮೇಲೆ ಗಂಡನ ಹೆಸರು ಬಾಲಕ್ಕೆ. ಕೇರಳದವರಿಗೆ ಮನೆಹೆಸರು. ಮಣಿಪುರದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಅದು ತಿಳಿಯದೆ ಜೋಡಿಸಿದರೆ ಒಬ್ಬರೇ ಇಬ್ಬರಾಗುತ್ತಾರೆ. ಬಂಗಾಳದ ಶಾಂತಿ ಮಲ್ಲಿಕ್, 1983ರಲ್ಲಿ ಅರ್ಜುನ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಪಟು, ಅವರ ಹೆಸರನ್ನೇ ಇಂಗ್ಲಿಷಿನಲ್ಲಿ ಹಲವು ಕಾಗುಣಿತದಲ್ಲಿ ಬರೆಯಬಹುದು. ಇಷ್ಟು ಹೆಸರಾದವರಿಗೇ ಹೀಗಾದರೆ ಬೆಂಚಿನ ಮೇಲೆ ಕುಳಿತು ಎರಡು ಪಂದ್ಯ ಆಡಿದವರ ಗತಿ? ಆಟಗಾರ್ತಿ ಇಂದು ತನ್ನ ಹೆಸರನ್ನು ಹೇಗೆ ಬರೆಯುತ್ತಾರೋ ಅದು ಮುಖ್ಯ ಹೆಸರಾಗಲಿ, ಉಳಿದ ರೂಪಗಳೆಲ್ಲ ಪಕ್ಕದ ಖಾನೆಗೆ ಹೋಗಲಿ, ಪ್ರತಿಯೊಬ್ಬರಿಗೂ ಎಂದೂ ಬದಲಾಗದ ಒಂದು ಸಂಖ್ಯೆ ಇರಲಿ.

ಪಟ್ಟಿಯ ಒಂದು ಸಾಲು ಹೇಗಿರುತ್ತದೆ ಎಂದು ತೋರಿಸುತ್ತೇವೆ. 1981ರ ಮೂರನೇ ಸ್ಥಾನದ ಪಂದ್ಯ: ಸ್ಥಳ ಹಾಂಗ್‌ಕಾಂಗ್, ಎದುರಾಳಿ ಹಾಂಗ್‌ಕಾಂಗ್, ದರ್ಜೆ ‘ಎ’, ಫಲಿತಾಂಶ 2–0. ಇಷ್ಟು ತುಂಬಿದೆ. ಮೈದಾನ, ಪಂದ್ಯದ ಅವಧಿ, ಅರ್ಧ ಸಮಯದ ಸ್ಕೋರು, ಗೋಲು ಹೊಡೆದವರು ಮತ್ತು ನಿಮಿಷ, ಹನ್ನೊಂದು ಮಂದಿ, ಬದಲಿ, ನಾಯಕಿ, ಕೋಚ್, ರೆಫರಿ, ಮೊದಲ ಆಧಾರ, ಎರಡನೇ ಆಧಾರ: ಒಂದೊಂದಾಗಿ ತುಂಬಬೇಕು. ಅವಧಿಯ ಖಾನೆ ಬಿಡಬೇಡಿ. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಫಿಫಾ ಮಹಿಳಾ ವಿಶ್ವಕಪ್‌ನಲ್ಲೇ ಪಂದ್ಯಗಳು 80 ನಿಮಿಷದವು. ಹೆಂಗಸರು ತೊಂಬತ್ತು ನಿಮಿಷ ತಾಳಲಾರರು ಎಂಬ ಹೆದರಿಕೆ ಯಾರಿಗಿತ್ತೋ, ಆಡುವವರಿಗಂತೂ ಇರಲಿಲ್ಲ. ಖಾಲಿ ಖಾನೆಯನ್ನು ಖಾಲಿಯೇ ಬಿಡಿ. ಅಂದಾಜಿನಿಂದ ತುಂಬಿದ ಒಂದು ಖಾನೆ ಇಡೀ ಪಟ್ಟಿಯ ಮೇಲಿನ ನಂಬಿಕೆ ಕೆಡಿಸುತ್ತದೆ.

ಇನ್ನು ಆಟಗಾರ್ತಿಯರ ಮನೆಯಲ್ಲಿರುವ ದಾಖಲೆ. ಪತ್ರಿಕೆಯಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ: ಹಳೆಯ ಪಾಸ್‌ಪೋರ್ಟಿನ ವೀಸಾ ಮುದ್ರೆ, ಕೂಟದ ಕಾರ್ಯಕ್ರಮ ಪುಸ್ತಿಕೆ, ಭಾಗವಹಿಸಿದ ಪ್ರಮಾಣಪತ್ರ, ಬ್ಲೇಜರಿನ ಲಾಂಛನ, ತಂಡದ ಫೋಟೊ. ವೀಸಾ ಮುದ್ರೆ ಪ್ರಯಾಣಕ್ಕೆ ಸಾಕ್ಷಿಯೇ ಹೊರತು ಪಂದ್ಯ ಆಡಿದ್ದಕ್ಕಲ್ಲ. ಫೋಟೊದಲ್ಲಿ ಇರುವುದು ತಂಡದಲ್ಲಿ ಇದ್ದುದಕ್ಕೆ ಸಾಕ್ಷಿ, ಹನ್ನೊಂದರಲ್ಲಿ ಇದ್ದುದಕ್ಕಲ್ಲ. ಈ ವ್ಯತ್ಯಾಸ ಮೊದಲೇ ಹೇಳಿಬಿಟ್ಟರೆ ಆಮೇಲೆ ಮನಸ್ತಾಪ ಬರುವುದಿಲ್ಲ. ಫೋಟೊಗಳನ್ನು 600 ಡಿಪಿಐನಲ್ಲಿ, ಪತ್ರಿಕೆಯ ತುಣುಕುಗಳನ್ನು ಕನಿಷ್ಠ 300ರಲ್ಲಿ ಸ್ಕ್ಯಾನ್ ಮಾಡಿ, ಮೂಲ ಕಡತ ಟಿಫ್ ರೂಪದಲ್ಲಿರಲಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು, ಸ್ಟುಡಿಯೋ ಮುದ್ರೆಯೂ ತಾರೀಖೂ ಇರುವುದು ಅಲ್ಲೇ. ಅಂಟು ಹಾಳೆಯ ಆಲ್ಬಂನಿಂದ ಚಿತ್ರ ಕೀಳಲು ಹೋದರೆ ಮೇಲ್ಪದರವೇ ಕಿತ್ತು ಬರುತ್ತದೆ. ಕಿಟಕಿ ಪಕ್ಕ ಇಟ್ಟು, ಫ್ಲ್ಯಾಶ್ ಇಲ್ಲದೆ ಪುಟ ಸಮೇತ ಚಿತ್ರ ತೆಗೆಯಿರಿ. ಲ್ಯಾಮಿನೇಷನ್ ಮಾಡಿಸಿ ಕೊಡುತ್ತೇವೆ ಎಂಬ ಉಪಕಾರ ಖಂಡಿತ ಬೇಡ. ಮೂಲ ಪ್ರತಿ ಯಾವ ಕಾರಣಕ್ಕೂ ಮನೆ ಬಿಟ್ಟು ಹೋಗಬಾರದು. ‘ನೋಡಿ ಕೊಡುತ್ತೇವೆ’ ಎಂದು ಒಯ್ದ ಆಲ್ಬಂಗಳು ವಾಪಸು ಬರುವುದು ಅಪರೂಪ.

ಕಾಗದದ ಕೆಲಸಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದು ಕೇಳಬಹುದು. ಮಾಸಾಶನಕ್ಕೋ ಪ್ರಶಸ್ತಿಗೋ ಅರ್ಜಿ ಹಾಕುವ ಮಾಜಿ ಆಟಗಾರ್ತಿಯನ್ನು ಕಚೇರಿಯವರು ಮೊದಲು ಕೇಳುವುದು ಪ್ರಮಾಣಪತ್ರವನ್ನು. ಅವರ ಕೈಯಲ್ಲಿರುವುದು ಈಗ ಇಲ್ಲದ ಒಂದು ಫೆಡರೇಷನ್ನಿನ ಕಾಗದ. ಅದು ಸಾಚಾ ಎಂದು ಹೇಳಬೇಕಾದವರು ನೀವು. ಪಟ್ಟಿ ಸಿದ್ಧವಾದರೆ ಸಂಖ್ಯೆ ನೋಡಿ ದೃಢೀಕರಣ ಪತ್ರ ಕೊಡುವುದು ಹತ್ತು ನಿಮಿಷದ ಕೆಲಸ. ದಾಖಲೆಗಳ ಪ್ರಶ್ನೆಯೂ ಇದೆ. ಬಾಲಾದೇವಿ ಭಾರತದ ಪರ ಅತಿ ಹೆಚ್ಚು ಗೋಲು ಹೊಡೆದವರು ಎನ್ನುತ್ತೇವೆ. ಅದು ನಿಜವೇ ಇರಬಹುದು. ಆದರೆ 1990ಕ್ಕಿಂತ ಹಿಂದಿನ ಗೋಲುಗಳನ್ನು ಯಾರೂ ಸರಿಯಾಗಿ ಎಣಿಸದೆ ಹಾಗೆ ಹೇಳುವುದು ಬಾಲಾದೇವಿಯವರಿಗೂ ನ್ಯಾಯವಲ್ಲ.

ಕರ್ನಾಟಕ ಸಂಸ್ಥೆಗೆ ಒಂದು ಮಾತು ಬೇರೆಯಾಗಿ. ಇಂದು ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಭಾರತೀಯ ಮಹಿಳಾ ಲೀಗ್‌ನಲ್ಲಿ ಆಡುತ್ತದೆ, 2023ರಲ್ಲಿ ಫೈನಲ್ ತನಕ ಹೋಗಿತ್ತು. ಅದಕ್ಕೂ ನಾಲ್ಕು ದಶಕ ಮೊದಲು ಚಿತ್ರಾ ಗಂಗಾಧರನ್ ಅವರಂಥವರು ಇದೇ ಊರಿನಿಂದ ಹೋಗಿ ಭಾರತದ ಪರ ಆಡಿದ್ದಾರೆ. ಆ ಪೀಳಿಗೆಯವರಿಗೆ ಈಗ ಅರವತ್ತರ ಆಸುಪಾಸು, ಕೆಲವರಿಗೆ ಅದಕ್ಕೂ ಹೆಚ್ಚು. ದೆಹಲಿಯಿಂದ ಆದೇಶ ಬರುವ ತನಕ ಕಾಯಬೇಕಿಲ್ಲ. ರಾಜ್ಯದ ಪಟ್ಟಿಯನ್ನು ರಾಜ್ಯವೇ ಮಾಡಬಹುದು. ಇಬ್ಬರು ಸಹಾಯಕರು, ಒಂದು ಸ್ಕ್ಯಾನರ್, ಗ್ರಂಥಾಲಯಗಳಿಗೆ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಒಂದು ಕೋರಿಕೆ ಪತ್ರ, ಆರು ತಿಂಗಳು. ಸಂದರ್ಶನಕ್ಕೆ ಹೋಗುವಾಗ ‘ಆಗ ಹೇಗಿತ್ತಮ್ಮಾ’ ಎಂದು ಕೇಳಿದರೆ ಕಷ್ಟಸುಖ ಬರುತ್ತದೆ, ಹೆಸರು ಬರುವುದಿಲ್ಲ. ಹನ್ನೊಂದು ಜಾಗ ಗುರುತು ಮಾಡಿದ ಮೈದಾನದ ನಕ್ಷೆಯನ್ನು ಮುಂದಿಟ್ಟು ‘ನಿಮ್ಮ ಎಡಕ್ಕೆ ಯಾರು ಆಡುತ್ತಿದ್ದರು, ಹಿಂದೆ ಯಾರು’ ಎಂದು ಕೇಳಿ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು, ಒಟ್ಟಿಗೆ ಕೂರಿಸಿದರೆ ಜೋರು ದನಿಯವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ.

ಮೊದಲ ಹೆಜ್ಜೆಯಾಗಿ ಅಶೋಕನಗರದ ಕ್ರೀಡಾಂಗಣದ ಕಚೇರಿಯಿಂದ ಕನ್ನಡದಲ್ಲಿ ಒಂದು ಪ್ರಕಟಣೆ ಹೊರಡಲಿ: 1975ರಿಂದ 1991ರವರೆಗೆ ರಾಜ್ಯ ಅಥವಾ ದೇಶದ ಪರ ಆಡಿದ ಮಹಿಳೆಯರು ಅಥವಾ ಅವರ ಮನೆಯವರು ಸಂಪರ್ಕಿಸಬೇಕು ಎಂದು. ಜತೆಗೆ ಒಂದೇ ಪುಟದ ನಮೂನೆ ಇರಲಿ. ಅದರಲ್ಲಿ ಆಗಿನ ಹೆಸರು, ಈಗಿನ ಹೆಸರು, ಆಡಿದ ಸ್ಥಾನ, ಜೆರ್ಸಿ ನಂಬರು, ಹೋದ ಕೂಟಗಳು, ಜತೆಗಿದ್ದವರ ಹೆಸರು ಇಷ್ಟು ಸಾಕು. ಬಂದ ಉತ್ತರಗಳಿಂದ ತಯಾರಾದ ಕರಡನ್ನು ಖಾಲಿ ಖಾನೆಗಳ ಸಮೇತ ಮೂರು ತಿಂಗಳೊಳಗೆ ಪ್ರಕಟಿಸಿ, ತಿದ್ದುಪಡಿಗೆ ಒಬ್ಬರ ಹೆಸರು ಮತ್ತು ವಿಳಾಸ ಕೊಡಿ. ಎಐಎಫ್‌ಎಫ್ ಇದೇ ನಮೂನೆಯನ್ನು ಬಂಗಾಳಿ, ಮಲಯಾಳಂ, ಮಣಿಪುರಿ, ಹಿಂದಿಯಲ್ಲಿ ಉಳಿದ ರಾಜ್ಯ ಸಂಸ್ಥೆಗಳಿಗೆ ಕಳಿಸಿಕೊಡಲಿ.

ಇತಿ,
ಹಳೆಯ ಸ್ಕೋರುಪಟ್ಟಿಗಳ ಬೆನ್ನು ಹತ್ತಿರುವ ಕೆಲವು ಕನ್ನಡಿಗ ಫುಟ್‌ಬಾಲ್ ಆಸಕ್ತರು